ವಾರಾಂತ್ಯದ ಕಿರುಚಿತ್ರ ಶಿಬಿರ: ಕ್ಯಾಮೆರಾ ಪಾಠ ಗಟ್ಟಿ, ಸೌಂಡ್ ಪಾಠ ಸಾಲದು

ಫಿಲ್ಮ್ ಸೊಸೈಟಿಯ ಈ ಎರಡು ದಿನದ ಶಿಬಿರದಲ್ಲಿ ಕ್ಯಾಮೆರಾ ಪಾಠ ನಿಜಕ್ಕೂ ಚೆನ್ನಾಗಿದೆ. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಇದ್ದಾಗ ಶಟರ್, ಅಂದರೆ ಪ್ರತಿ ಫ್ರೇಮಿಗೂ ಬೆಳಕು ಬೀಳುವ ಸಮಯ, 1/50 ಸೆಕೆಂಡಿನ ಆಸುಪಾಸು ಏಕಿರಬೇಕು, 50 ಹರ್ಟ್ಸ್ ಕರೆಂಟಿನ ಟ್ಯೂಬ್‌ಲೈಟಿನಡಿ 1/60 ಇಟ್ಟರೆ ಚಿತ್ರ ಏಕೆ ಮಿನುಗುತ್ತದೆ ಎಂಬುದನ್ನು ಮಾಡಿಯೇ ತೋರಿಸುತ್ತಾರೆ.

ಸೌಂಡ್‌ಗೆ ಮಾತ್ರ ಬರೀ ಅರ್ಧ ಗಂಟೆ. ಇದು ದೊಡ್ಡ ಕೊರತೆ; ಹೊಸಬರ ಕಿರುಚಿತ್ರ ಹೆಚ್ಚಾಗಿ ಕೆಡುವುದೇ ಅಲ್ಲಿ. ಕ್ಯಾಮೆರಾದ ಮೇಲಿನ ಮೈಕ್ ದೂರವಾದಷ್ಟೂ ಮಾತಿನ ಜೊತೆ ಕೋಣೆಯ ಪ್ರತಿಧ್ವನಿಯನ್ನೂ ಹಿಡಿಯುತ್ತದೆ. ಉದ್ದ ಕೋಲಿನ ತುದಿಗೆ ಕಟ್ಟಿದ ಬೂಮ್ ಮೈಕನ್ನು ಚಿತ್ರದ ಚೌಕಟ್ಟಿನ ಅಂಚಿನವರೆಗೆ ಇಳಿಸುವುದು, ಪ್ರತಿ ಜಾಗದಲ್ಲೂ 30 ಸೆಕೆಂಡ್ ಯಾರೂ ಮಾತಾಡದೆ ಅಲ್ಲಿನ ಸದ್ದನ್ನಷ್ಟೇ ರೆಕಾರ್ಡ್ ಮಾಡುವುದು, ಇವೆರಡನ್ನು ಕಲಿಸಲೇಬೇಕು. ಎಡಿಟಿಂಗ್‌ನಲ್ಲಿ ಸಂಭಾಷಣೆಯ ತುಂಡುಗಳ ನಡುವಿನ ಖಾಲಿ ಜಾಗ ತುಂಬುವುದು ಆ ಸದ್ದೇ.

ಕೊನೆಯ ಪ್ರದರ್ಶನದಲ್ಲಿ ಪ್ರೊಜೆಕ್ಟರ್ ಪರವಾಗಿಲ್ಲ. ಸ್ಪೀಕರ್‌ಗಳು ಹಿಂದಿನ ಗೋಡೆಯ ಬದಲು ಪರದೆಯ ಪಕ್ಕದಲ್ಲಿರಬೇಕಿತ್ತು.