ಒಮ್ಮೆಲೇ ಬೀಳುವ ಪರದೆಗೆ ಯಾವ ಕೊಕ್ಕೆ? ಮ್ಯಾಗ್ನೆಟ್, ಸೊಲೆನಾಯ್ಡ್, ಕಾರ್ ಲಾಕ್, ತಿರುಗುವ ಪೈಪು

ಪರದೆ ಏಳಿಸುವ ವಿದ್ಯೆಯನ್ನು ನಮ್ಮ ಭಾಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಂದಿನ ಕಾಲದ ದೊಡ್ಡ ನಾಟಕ ಕಂಪನಿಗಳಲ್ಲಿ ಗರುಡ ಸದಾಶಿವರಾಯರ ಕಂಪನಿ ಗದಗಿನದು, ವೆಂಕೋಬರಾಯರ ಕಂಪನಿ ಶಿರಹಟ್ಟಿಯದು. ಬುಡಕ್ಕೆ ಬಿದಿರಿನ ಗಳ ಕಟ್ಟಿದ ಚಿತ್ರದ ಪರದೆ, ಅಂದರೆ ಸೀನು, ಎರಡೂ ಕಡೆ ಹಗ್ಗ, ಮೇಲೆ ರಾಟೆ. ಎಳೆದರೆ ಸುರುಳಿ ಸುತ್ತಿಕೊಂಡು ಮೇಲೇರುತ್ತದೆ. ಜಾತ್ರೆಗೆ ಬಂದು ಕ್ಯಾಂಪ್ ಹಾಕುವ ಕಂಪನಿಗಳಲ್ಲಿ ಇದನ್ನು ಈಗಲೂ ನೋಡಬಹುದು.

ನಾನು ಬರೆಯುತ್ತಿರುವುದು ಬೀಳುವ ಪರದೆಯ ಬಗ್ಗೆ. ಸ್ವಿಚ್ ಒತ್ತಿದ ಕೂಡಲೇ ಇಡೀ ಪರದೆ ಮೇಲಿನಿಂದ ಕಳಚಿ ನೆಲಕ್ಕೆ ಬೀಳಬೇಕು, ಹಿಂದಿನ ಅರಮನೆಯೋ ರಣರಂಗವೋ ಒಮ್ಮೆಲೇ ಕಾಣಬೇಕು. ಜಪಾನಿನ ಕಬುಕಿ ನಾಟಕದವರು ಇದನ್ನು ‘ಫುರಿಒತೋಶಿ’ ಅನ್ನುತ್ತಾರೆ. ಹಾಗಾಗಿ ಇವತ್ತು ಎಲ್ಲ ಕಡೆ ಇದಕ್ಕೆ ‘ಕಬುಕಿ ಡ್ರಾಪ್’ ಅಂತಲೇ ಹೆಸರು. ಧಾರವಾಡದ ನಮ್ಮ ಹವ್ಯಾಸಿ ತಂಡಕ್ಕೆ ಈ ಹುಚ್ಚು ಹತ್ತಿ ಬಹಳ ದಿನವಾಯಿತು. ಸಿಕ್ಕ ಸಿಕ್ಕ ವಿಧಾನವನ್ನೆಲ್ಲ ಕಟ್ಟಿ, ತೂಗುಹಾಕಿ, ಬೀಳಿಸಿ ನೋಡಿದ್ದೇವೆ. ಧಾರವಾಡ, ಹುಬ್ಬಳ್ಳಿಯ ಹಾಲ್‌ಗಳಲ್ಲೂ ನೋಡಿದ್ದೇವೆ, ಹಾವೇರಿ ಕಡೆಯ ಹಳ್ಳಿಗಳ ಬಯಲು ಪೆಂಡಾಲಿನಲ್ಲೂ ನೋಡಿದ್ದೇವೆ. ಎರಡೂ ಕಡೆ ಒಂದೇ ಕೊಕ್ಕೆ ನಡೆಯುವುದಿಲ್ಲ ಅನ್ನುವುದು ನನ್ನ ಅನುಭವ.

ಮೊದಲು ತೂಕದ ಲೆಕ್ಕ. 30 ಅಡಿ ಅಗಲ, 15 ಅಡಿ ಎತ್ತರದ ಪರದೆ ಅಂದರೆ ಸುಮಾರು 42 ಚದರ ಮೀಟರ್ ಬಟ್ಟೆ. ಚದರ ಮೀಟರಿಗೆ 120 ಗ್ರಾಂ ತೂಗುವ ಸ್ಯಾಟಿನ್ ಆದರೆ ಒಟ್ಟು 5 ಕೆ.ಜಿ. 400 ಗ್ರಾಂ ತೂಗುವ ವೆಲ್ವೆಟ್ ಆದರೆ 17 ಕೆ.ಜಿ. 3 ಅಡಿಗೊಂದು ಕೊಕ್ಕೆ ಅಂತ ಹಿಡಿದರೆ 11 ಕೊಕ್ಕೆ ಬೇಕು. ಸ್ಯಾಟಿನ್ ಆದರೆ ಒಂದೊಂದರ ಮೇಲೆ ಅರ್ಧ ಕೆ.ಜಿ.ಗಿಂತ ಕಡಿಮೆ, ವೆಲ್ವೆಟ್ ಆದರೆ ಒಂದೂವರೆ ಕೆ.ಜಿ. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಭಾರ ಹೊರುವುದು ಯಾವ ಕೊಕ್ಕೆಗೂ ಕಷ್ಟವಲ್ಲ. ಹನ್ನೊಂದೂ ಒಂದೇ ಸಲ ಬಿಡಬೇಕು, ಕಷ್ಟ ಇರುವುದು ಅಲ್ಲಿ. ಹತ್ತು ಬಿಟ್ಟು ಒಂದು ಹಿಡಿದುಕೊಂಡರೆ ಪರದೆ ಒಂದು ಮೂಲೆಯಿಂದ ಜೋತುಬಿದ್ದು ಇಡೀ ದೃಶ್ಯ ಕೆಡುತ್ತದೆ.

ಎಲೆಕ್ಟ್ರೋ ಮ್ಯಾಗ್ನೆಟ್ ಎಲ್ಲಕ್ಕಿಂತ ಸುಲಭ ಅಂತ ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ. ನಾವೂ ಅದರಿಂದಲೇ ಶುರು ಮಾಡಿದೆವು. 12 ವೋಲ್ಟಿನ, ‘5 ಕೆ.ಜಿ. ಹಿಡಿತ’ ಅಂತ ಬರೆದ ದುಂಡನೆಯ ಮ್ಯಾಗ್ನೆಟ್ಟು ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ. ಪರದೆಯ ಮೇಲಂಚಿಗೆ ಕಬ್ಬಿಣದ ಬಿಲ್ಲೆ ಹೊಲಿಯುವುದು, ಕರೆಂಟ್ ಕೊಟ್ಟು ಅಂಟಿಸುವುದು, ಬೇಕಾದಾಗ ತೆಗೆಯುವುದು. ಅಲುಗಾಡುವ ಭಾಗವೇ ಇಲ್ಲ. ಸದ್ದೂ ಇಲ್ಲ. ಸಂಭಾಷಣೆ ನಿಂತು ಸಭೆ ಉಸಿರು ಬಿಗಿಹಿಡಿದ ಹೊತ್ತಿನಲ್ಲಿ ಪರದೆ ಬೀಳಿಸುವುದಾದರೆ ಇದರಷ್ಟು ಚೆಂದ ಬೇರೆ ಯಾವುದೂ ಇಲ್ಲ. ಈ ಮಾತನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಆದರೆ ಆ 5 ಕೆ.ಜಿ. ಅನ್ನುವುದು ದಪ್ಪನೆಯ, ನುಣುಪಾದ, ಬಣ್ಣವಿಲ್ಲದ ಕಬ್ಬಿಣಕ್ಕೆ, ಅದೂ ನೇರ ಎಳೆತಕ್ಕೆ ಮಾತ್ರ. ಬಿಲ್ಲೆಗೆ ಒಂದು ಕೋಟ್ ಪೇಂಟ್ ಹೊಡೆದರೂ ಹಿಡಿತ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿಟ್ಟ ಬಿಲ್ಲೆಗಳ ಮೇಲೆ ತೆಳುವಾಗಿ ತುಕ್ಕು ಕೂತಿರುತ್ತದೆ. ಅದೂ ಅಷ್ಟೇ ಕೆಲಸ ಕೆಡಿಸುತ್ತದೆ. ಪಕ್ಕಕ್ಕೆ ಜಗ್ಗಿದರೆ ಬಿಲ್ಲೆ ಸುಮ್ನೆ ಜಾರುತ್ತದೆ. ಗಾಳಿಗೆ ಪರದೆ ಉಬ್ಬಿದಾಗ ಆಗುವುದು ಇದೇ. ಪೆಂಡಾಲಿನಲ್ಲಿ ಸಂಜೆ ಗಾಳಿ ಎದ್ದರೆ ಎರಡು ತುದಿಯ ಬಿಲ್ಲೆಗಳು ಮೊದಲು ಕಳಚುತ್ತವೆ.

ಇದಕ್ಕೆ ತದ್ವಿರುದ್ಧದ ಇನ್ನೊಂದು ತೊಂದರೆಯೂ ಇದೆ. ಸ್ಯಾಟಿನ್ ಬಹಳ ಹಗುರ. ಕರೆಂಟ್ ತೆಗೆದ ಮೇಲೂ ಕಬ್ಬಿಣದಲ್ಲಿ ಸ್ವಲ್ಪ ಮ್ಯಾಗ್ನೆಟ್ ಗುಣ ಉಳಿದಿರುತ್ತದೆ. ಹಗುರ ಬಟ್ಟೆಯ ಬಿಲ್ಲೆ ಕ್ಷಣಹೊತ್ತು ಅಂಟಿಕೊಂಡೇ ಇರುತ್ತದೆ. ಮ್ಯಾಗ್ನೆಟ್ಟಿನ ಮುಖಕ್ಕೆ ತೆಳು ಟೇಪ್ ಅಂಟಿಸಿದರೆ ಇದು ನಿಲ್ಲುತ್ತದೆ. ಟೇಪ್ ಅಂಟಿಸಿದ್ದಕ್ಕೆ ಹಿಡಿತ ಇನ್ನಷ್ಟು ಕಡಿಮೆಯಾಗುತ್ತದೆ. ಈ ಎರಡರ ನಡುವೆ ಹದ ಹುಡುಕುತ್ತಾ ನಮ್ಮ ಎಷ್ಟೋ ಸಂಜೆಗಳು ಕಳೆದವು.

ಸ್ವಿಚ್ ಎಲ್ಲಿ ಹಾಕುತ್ತೀರಿ ಅನ್ನುವುದೂ ಮುಖ್ಯ. ಹಲವರು ಅಡಾಪ್ಟರಿನ 230 ವೋಲ್ಟ್ ಪ್ಲಗ್ಗಿನ ಸ್ವಿಚ್ಚನ್ನೇ ಆರಿಸುತ್ತಾರೆ. ಅಡಾಪ್ಟರಿನೊಳಗಿನ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ವೋಲ್ಟೇಜ್ ಒಮ್ಮೆಲೇ ಸೊನ್ನೆಗೆ ಬರುವುದಿಲ್ಲ, ಇಳಿಯುತ್ತಾ ಬರುತ್ತದೆ. ಹಿಡಿತ ಕಡಿಮೆ ಇರುವ ಮ್ಯಾಗ್ನೆಟ್ಟು ಮೊದಲು ಬಿಡುತ್ತದೆ, ಗಟ್ಟಿಯದು ಕೊನೆಗೆ ಬಿಡುತ್ತದೆ. ಪರದೆ ಸ್ವಲ್ಪ ಸ್ವಲ್ಪವಾಗಿ ಕಳಚುತ್ತದೆ. ಅದೇ ಸ್ವಿಚ್ಚನ್ನು 12 ವೋಲ್ಟಿನ ಕಡೆ ಹಾಕಿದರೆ ಎಲ್ಲವೂ ಒಟ್ಟಿಗೇ ಬಿಡುತ್ತವೆ. ಒಂದು ಸ್ವಿಚ್ಚಿನ ಜಾಗ ಬದಲಾದದ್ದಕ್ಕೆ ಇಷ್ಟು ವ್ಯತ್ಯಾಸ!

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ ಮ್ಯಾಗ್ನೆಟ್ಟಿಗೆ ಒಂದು ಸ್ವಭಾವ ಇದೆ. ಕರೆಂಟ್ ಹೋದರೆ ಪರದೆ ಬೀಳುತ್ತದೆ. ನಾಟಕದ ನಡುವೆ ಕರೆಂಟ್ ಹೋಗಿ ಜನರೇಟರ್ ಶುರುವಾಗುವಷ್ಟರಲ್ಲಿ ಯುದ್ಧದ ದೃಶ್ಯದ ಪರದೆ ಮೊದಲ ಅಂಕದಲ್ಲೇ ನೆಲ ಸೇರಿರುತ್ತದೆ. ಅದನ್ನು ತಿರುಗಿ ಕಟ್ಟಲು ಪ್ರೇಕ್ಷಕರ ಮುಂದೆ ಏಣಿ ಹಾಕಬೇಕು. ಬ್ಯಾಟರಿ ಇಡಬಹುದು, ನಿಜ. ಹನ್ನೊಂದು ಮ್ಯಾಗ್ನೆಟ್ಟಿಗೆ ಸುಮಾರು 4 ಆಂಪಿಯರ್ ಬೇಕು, ಅದೂ ಪರದೆ ನೇತಾಡುವಷ್ಟು ಹೊತ್ತೂ. 7 ಎ.ಎಚ್. (ಆಂಪಿಯರ್-ಅವರ್) ಯುಪಿಎಸ್ ಬ್ಯಾಟರಿ ಒಂದೂವರೆ ತಾಸು ಬಂದರೆ ಹೆಚ್ಚು. ನಮ್ಮ ಭಾಗದ ನಾಟಕ ಒಂದೂವರೆ ತಾಸಿಗೆ ಮುಗಿಯುತ್ತದೆಯೇ? ಕಾರಿನ ಬ್ಯಾಟರಿಯೇ ಬೇಕು.

ಸೊಲೆನಾಯ್ಡ್, ಅಂದರೆ ಕರೆಂಟ್ ಕೊಟ್ಟಾಗ ಕಬ್ಬಿಣದ ಪಿನ್ನನ್ನು ಒಳಗೆ ಎಳೆದುಕೊಳ್ಳುವ ತಂತಿಯ ಸುರುಳಿ (ಕಾಯಿಲ್), ಇದಕ್ಕೆ ಪೂರ್ತಿ ಉಲ್ಟಾ. ಕರೆಂಟ್ ಇಲ್ಲದಾಗ ಸ್ಪ್ರಿಂಗ್ ಪಿನ್ನನ್ನು ಹೊರಗೆ ತಳ್ಳಿರುತ್ತದೆ, ಪರದೆಯ ಕುಣಿಕೆ ಅದರ ಮೇಲೆ ಕೂತಿರುತ್ತದೆ. ಕರೆಂಟ್ ಕೊಟ್ಟ ಕ್ಷಣ ಪಿನ್ ಒಳಗೆ ಹೋಗುತ್ತದೆ, ಬಾಗಿಲ ಚಿಲಕ ಸರಿದಂತೆ. ಕರೆಂಟ್ ಹೋದರೆ ಪರದೆ ಅಲ್ಲಾಡುವುದಿಲ್ಲ. ಬೆಂಗಳೂರಿನ ಈವೆಂಟಿನವರು ಬಾಡಿಗೆಗೆ ತರುವ ರೆಡಿಮೇಡ್ ಕೊಕ್ಕೆಗಳಲ್ಲಿ, ಅಂದರೆ ಕಬುಕಿ ಹೆಡ್‌ಗಳಲ್ಲಿ ಹೆಚ್ಚಿನವು ಈ ಜಾತಿಯವೇ.

ನಾವೇ ಮಾಡಿಕೊಳ್ಳುವಾಗ ಕಪಾಟಿನ ಎಲೆಕ್ಟ್ರಿಕ್ ಲಾಕ್ ತಂದು ಅದರ ಪಿನ್ನಿಗೇ ಪರದೆ ನೇತುಹಾಕಿದೆವು. ಸ್ಯಾಟಿನ್ ಚೆನ್ನಾಗಿ ಬಿತ್ತು. ವೆಲ್ವೆಟ್ ಹಾಕಿದಾಗ ಕೆಲವು ಪಿನ್ ‘ಟಕ್’ ಅನ್ನಲೂ ಇಲ್ಲ, ಗುಂಯ್ ಅಂದು ನಿಂತವು. ಯಾಕೆ ಅಂದರೆ ಭಾರವೆಲ್ಲ ಅಡ್ಡಡ್ಡ ಪಿನ್ನಿನ ಮೇಲೆ ಕೂತು ತೂತಿನ ಅಂಚಿಗೆ ಅದನ್ನು ಒತ್ತಿರುತ್ತದೆ. ಸೊಲೆನಾಯ್ಡಿಗೆ ಎಳೆತದ ಮೊದಲ ಕ್ಷಣದಲ್ಲೇ ಶಕ್ತಿ ಕಡಿಮೆ. ಪಿನ್ ಒಳಗೆ ಬರುತ್ತಾ ಬರುತ್ತಾ ಜಾಸ್ತಿಯಾಗುತ್ತದೆ. ಶಕ್ತಿ ಬೇಕಾದಾಗಲೇ ಇಲ್ಲ ಅಂದ ಹಾಗಾಯಿತು.

ಹುಬ್ಬಳ್ಳಿಯ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ ಲೇತ್ ಮೇಸ್ತ್ರಿಯೊಬ್ಬರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. “ಪಿನ್ನಿನ ಮ್ಯಾಲೆ ಭಾರ ಯಾಕ ಹಾಕ್ತೀರಿ ಸರ್? ಭಾರ ಕೊಕ್ಕಿ ಹೊರಲಿ, ಪಿನ್ ಬರೇ ಕೊಕ್ಕಿ ತಡೀಲಿ” ಅಂದರು. ಒಂದು ಕೀಲಿನ ಮೇಲೆ ಆಡುವ ಕೊಕ್ಕೆ ಮಾಡಿಕೊಟ್ಟರು. ಪರದೆಯ ಕುಣಿಕೆ ಕೂರುವುದು ಕೀಲಿನ ತೀರಾ ಹತ್ತಿರ. ಪಿನ್ ತಡೆಯುವುದು ಕೊಕ್ಕೆಯ ಉದ್ದ ಬಾಲದ ತುದಿಯನ್ನು. ಬಾಲ ಐದು ಪಟ್ಟು ಉದ್ದ ಇದ್ದದ್ದರಿಂದ ಪಿನ್ನಿಗೆ ತಾಗುವ ಭಾರ ಐದರಲ್ಲಿ ಒಂದು ಪಾಲು. ಅಲ್ಲಿಂದ ಮುಂದೆ ವೆಲ್ವೆಟ್ಟೂ ಹೂವು ಉದುರಿದ ಹಾಗೆ ಬಿತ್ತು. ಮಾರುವವರು ಫೋಟೋದಲ್ಲಿ ತೋರಿಸುವುದು ಸೊಲೆನಾಯ್ಡನ್ನು. ನೀವು ಕೇಳಬೇಕಾದದ್ದು ಅದರ ಮುಂದಿನ ಕೊಕ್ಕೆ ಹೇಗಿದೆ ಅಂತ.

ಸೊಲೆನಾಯ್ಡಿನ ಕೊರತೆ ಸದ್ದು. ಹನ್ನೊಂದು ಒಟ್ಟಿಗೆ ‘ಟಕ್’ ಅಂದರೆ ಮೊದಲ ಸಾಲಿನವರಿಗೆ ಕೇಳಿಸುತ್ತದೆ. ಸಂಗೀತ ನಾಟಕದಲ್ಲಿ ಹಾರ್ಮೋನಿಯಂ, ತಬಲಾ ನಡೆದಿರುವಾಗ ಅದು ಲೆಕ್ಕಕ್ಕೇ ಇಲ್ಲ. ಇನ್ನೊಂದು, ಬಟನ್ ಒತ್ತಿ ಹಿಡಿದುಕೊಂಡೇ ಇದ್ದರೆ ಕಾಯಿಲ್ ಸುಡುವಷ್ಟು ಬಿಸಿಯಾಗುತ್ತದೆ. ಒತ್ತಿದಾಗ ಮಾತ್ರ ಕರೆಂಟ್ ಹೋಗುವ, ಕೈ ತೆಗೆದರೆ ತಾನೇ ಆರುವ ಪುಶ್ ಬಟನ್ನೇ ಹಾಕಿ, ಬೆಲ್ ಸ್ವಿಚ್ಚಿನ ಹಾಗೆ ಕೆಲಸ ಮಾಡುವಂಥದ್ದು. ಅದರ ಹಿಂದೆ ಇನ್ನೊಂದು ಕೀಲಿಯ ಸ್ವಿಚ್ ಇರಲಿ. ರಂಗದ ಪಕ್ಕದ ಮರೆಯಲ್ಲಿ, ಅಂದರೆ ವಿಂಗಿನಲ್ಲಿ, ಓಡಾಡುವ ಪಾತ್ರಧಾರಿಯ ಮೊಣಕೈ ತಾಗಿ ಪರದೆ ಬೀಳಬಾರದು.

ಕಾರಿನ ಸೆಂಟ್ರಲ್ ಲಾಕ್ ಮೋಟಾರು ನಮ್ಮೂರಿನಲ್ಲೇ ಕೈಗೆ ಸಿಗುವ ವಸ್ತು. ಕಾರ್ ಆಕ್ಸೆಸರಿ ಅಂಗಡಿಯಲ್ಲಿ ಕೇಳಿದರೆ ಸಾಕು. ಎಳೆತ ಸೊಲೆನಾಯ್ಡಿಗಿಂತ ಗಟ್ಟಿ. ಕೀಲಿನ ಕೊಕ್ಕೆ ಇಲ್ಲದೆಯೂ ಸ್ಯಾಟಿನ್, ಕಾಟನ್ ಪರದೆಯನ್ನು ನಂಬಿಕೆಯಿಂದ ಬಿಡುತ್ತದೆ. ಹೊಸದಾಗಿ ಶುರು ಮಾಡುವ ಕಾಲೇಜು ತಂಡಕ್ಕೆ ನಾನು ಇದನ್ನೇ ಹೇಳುತ್ತೇನೆ. ಆದರೆ ಪ್ರತಿಯೊಂದು ಮೋಟಾರಿನ ಓಟ ಒಂದು ಕೂದಲಿನಷ್ಟು ಬೇರೆ. ಪರದೆ ಒಂದು ತುದಿಯಿಂದ ಅಲೆಯಂತೆ ಕಳಚುತ್ತದೆ. ಕನಸಿನ ದೃಶ್ಯಕ್ಕೆ ಅದು ಚೆಂದವೇ. ಸಿಡಿಲು ಬಡಿದ ಹಾಗೆ ಬೀಳಬೇಕು ಅಂದರೆ ಇದಲ್ಲ.

ಇದರಲ್ಲಿ ವೈರಿನ ಲೆಕ್ಕ ತಪ್ಪುವಂತಿಲ್ಲ. ಒಂದೊಂದು ಮೋಟಾರು ಎಳೆಯುವ ಹೊತ್ತಿಗೆ 4 ಆಂಪಿಯರ್ ಕೇಳಿದರೂ ಹನ್ನೊಂದಕ್ಕೆ 44. ಬ್ಯಾಟರಿ ವಿಂಗಿನಲ್ಲಿ, ಪರದೆ 20 ಮೀಟರ್ ವೈರಿನಾಚೆ ಅಂತಿಟ್ಟುಕೊಳ್ಳಿ. ಮನೆ ವೈರಿಂಗಿನ 1.5 ಚದರ ಮಿ.ಮೀ. ವೈರಿನಲ್ಲಿ ಹೋಗಿ ಬರುವ 40 ಮೀಟರಿಗೆ ಸುಮಾರು ಅರ್ಧ ಓಮ್ ತಡೆ. 6 ಆಂಪಿಯರ್ ಹರಿದರೇ 12ರಲ್ಲಿ 3 ವೋಲ್ಟ್ ದಾರಿಯಲ್ಲೇ ಕರಗುತ್ತದೆ, ಇನ್ನು 44 ಆಂಪಿಯರಿನ ಮಾತೆಲ್ಲಿ ಬಂತು! ಹತ್ತಿರದ ಮೋಟಾರು ಎಳೆಯುತ್ತದೆ, ದೂರದ್ದು ನಡುಗಿ ಸುಮ್ಮನಾಗುತ್ತದೆ. ಬ್ಯಾಟರಿಯನ್ನು ಬಾರಿನ, ಅಂದರೆ ಕೊಕ್ಕೆಗಳನ್ನು ಕಟ್ಟಿದ ಅಡ್ಡ ಕಂಬಿಯ, ಹತ್ತಿರ ತಂದು 10 ಚದರ ಮಿ.ಮೀ. ಕೇಬಲ್ ಎಳೆದರೆ ಸರಿಹೋಗುತ್ತದೆ. ಸೊಲೆನಾಯ್ಡಿಗೂ ಇದೇ ಕಾರಣಕ್ಕೆ ನಾನು 24 ವೋಲ್ಟಿನದನ್ನೇ ಆರಿಸಿದ್ದು. ಅದೇ ಶಕ್ತಿಗೆ ಅರ್ಧ ಕರೆಂಟು ಸಾಕು. 230 ವೋಲ್ಟಿನ ಹೆಡ್‌ಗಳೂ ಇವೆ. ಆದರೆ ಬಟ್ಟೆ, ಕಬ್ಬಿಣದ ಬಾರು, ಏಣಿ ಹತ್ತುವ ಹುಡುಗರು ಇರುವ ಜಾಗಕ್ಕೆ ಅಷ್ಟು ವೋಲ್ಟೇಜ್ ಒಯ್ಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹೇಳಿದಷ್ಟೇ ತಿರುಗುವ ಸಣ್ಣ ಸರ್ವೋ ಮೋಟಾರು ಮತ್ತು ಅದನ್ನು ನಡೆಸುವ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಮಾಡಿದ್ದನ್ನೂ ನೋಡಿದೆವು. ಮೇಜಿನ ಮೇಲೆ ಚೆನ್ನಾಗಿ ಆಡುತ್ತದೆ. ಉದ್ದ ವೈರಿನಲ್ಲಿ, ದೀಪಗಳ ಬೆಳಕು ಏರಿಳಿಸುವ ಡಿಮ್ಮರ್‌ಗಳ ಪಕ್ಕದಲ್ಲಿ ಅದರ ಸಿಗ್ನಲ್ ಕೆಡುತ್ತದೆ. ದಾರವನ್ನು ಕಾಯಿಸಿದ ತಂತಿಯಿಂದ ಸುಟ್ಟು ಪರದೆ ಬಿಡುವ ವಿಧಾನವೂ ಇದೆ. ಬಟ್ಟೆ, ಬಿದಿರು, ಶಾಮಿಯಾನ ಇರುವ ಕಡೆ ಬೆಂಕಿಯ ಕೆಲಸ ಬೇಡವೇ ಬೇಡ.

ಇನ್ನು ತಿರುಗುವ ಪೈಪು. ಒಂದಿಂಚಿನ ಜಿಐ ಪೈಪಿಗೆ ಒಂದೇ ಸಾಲಿನಲ್ಲಿ ಮೊಳೆಗಳನ್ನು ವೆಲ್ಡ್ ಮಾಡಿಸಿ, ಮೊಳೆಗೊಂದು ಕುಣಿಕೆ ಹಾಕಿ, ಒಂದು ತುದಿಗೆ ಲಾರಿಯ ವೈಪರ್ ಮೋಟಾರು ಕೂರಿಸುವುದು. ಪೈಪು ಅರ್ಧ ಸುತ್ತು ತಿರುಗಿದರೆ ಮೊಳೆಗಳೆಲ್ಲ ಕೆಳಮುಖ, ಕುಣಿಕೆಗಳೆಲ್ಲ ಜಾರಿ ಬೀಳುತ್ತವೆ. ಕರೆಂಟಿನ ಜಾಗ ಒಂದೇ. ಹನ್ನೊಂದು ವೈರಿಲ್ಲ, ಹನ್ನೊಂದು ಕಡೆ ಕೆಡುವ ಭಯವಿಲ್ಲ. 30 ಅಡಿಗೆ ಪೈಪೇ 20 ಕೆ.ಜಿ. ದಾಟುತ್ತದೆ. ಬಿದಿರಿನ ಗಳಕ್ಕೆ ಕಟ್ಟುವಂತಿಲ್ಲ, ಕಬ್ಬಿಣದ ಚೌಕಟ್ಟೇ (ಟ್ರಸ್) ಬೇಕು. 6 ಅಡಿಗೊಂದು ಬೇರಿಂಗ್ ಇಲ್ಲದಿದ್ದರೆ ಪೈಪು ನಡುವೆ ಬಾಗಿ ಬಿಗಿಯುತ್ತದೆ. ಮೋಟಾರಿನಿಂದ ದೂರದ ತುದಿ ಒಂದು ಚೂರು ತಡವಾಗಿ ತಿರುಗುವುದೂ ಉಂಟು.

ಆದರೂ ಬಯಲು ಪೆಂಡಾಲಿಗೆ ನನ್ನ ಓಟು ಇದಕ್ಕೇ. ಇನ್ನೊಂದು ತುದಿಗೆ ಕೈಹಿಡಿಕೆ ಬೆಸೆದು, ಅದರ ಎರಡು ಬದಿಗೂ ಹಗ್ಗ ಕಟ್ಟಿ ಕೆಳಗೆ ಬಿಟ್ಟಿರುತ್ತೇವೆ. ಕರೆಂಟ್ ಹೋದರೆ ಮೋಟಾರನ್ನು ಪೈಪಿಗೆ ಸೇರಿಸುವ ಕ್ಲಚ್ ಪಿನ್ ಕೀಳುವುದು, ಹಗ್ಗ ಜಗ್ಗುವುದು. ನಮ್ಮಲ್ಲಿ ಸೀನು ಎಳೆದು ಎಳೆದು ಹಣ್ಣಾದ ಕಾಕಾ ಒಬ್ಬರು ಇದ್ದಾರೆ. ಉಳಿದ ಎಲ್ಲವನ್ನೂ ಅನುಮಾನದಿಂದಲೇ ನೋಡುತ್ತಿದ್ದವರು ಇದನ್ನು ನೋಡಿ, “ಹಾಂ, ಇದು ನಮ್ಮ ಕೈಮಾತು ಕೇಳತೈತಿ” ಅಂದರು.

ಹಾಲ್‌ನಲ್ಲಿ ಮಾಡುವುದಾದರೆ ಕೀಲಿನ ಕೊಕ್ಕೆಯ 24 ವೋಲ್ಟ್ ಸೊಲೆನಾಯ್ಡನ್ನು ಬಿಟ್ಟು ಬೇರೆ ಯೋಚನೆ ಮಾಡುವುದಿಲ್ಲ. ಯಾಕೆ ಅಂದರೆ, ಬೀಳದ ಪರದೆಯನ್ನು ಹಗ್ಗ ಕಟ್ಟಿಟ್ಟಿದ್ದರೆ ಎಳೆದು ಬೀಳಿಸಬಹುದು. ಬೇಗ ಬಿದ್ದ ಪರದೆಗೆ ಏನೂ ಮಾಡಲಾಗುವುದಿಲ್ಲ. ಮ್ಯಾಗ್ನೆಟ್ಟುಗಳನ್ನು ನಾವು ಎಸೆದಿಲ್ಲ. ನಾಮಫಲಕ ಅನಾವರಣ, ಶಾಲೆಯ ಗ್ಯಾದರಿಂಗಿನ ಸಣ್ಣ ಬಟ್ಟೆಗಳಿಗೆ, ಮುಚ್ಚಿದ ಕೋಣೆಯಲ್ಲಿ, ಅವು ಈಗಲೂ ಚೆನ್ನಾಗಿ ಕೆಲಸ ಮಾಡುತ್ತಿವೆ.

ಯಾವುದನ್ನೇ ಕಟ್ಟಿದರೂ ಬಟ್ಟೆಯನ್ನು ಮರೆಯಬೇಡಿ. 15 ಅಡಿಯಿಂದ ಕಲ್ಲು ಬೀಳಲು ಒಂದು ಸೆಕೆಂಡಿಗೂ ಕಡಿಮೆ ಸಾಕು. ಬಟ್ಟೆ ಗಾಳಿ ಹಿಡಿದು ಅದಕ್ಕಿಂತ ತಡ ಮಾಡುತ್ತದೆ. ಸ್ಯಾಟಿನ್ ತೇಲುತ್ತಾ ಮುಂದೆ, ದೀಪಗಳ ಕಡೆಗೇ ಬರಬಹುದು. ಪರದೆ ಬೀಳುವ ಜಾಗದಿಂದ ಬಿಸಿ ದೀಪಗಳನ್ನು ನಾಲ್ಕು ಅಡಿಯಾದರೂ ದೂರ ಇಡಿ. ಪ್ರತಿ ಹೆಡ್‌ಗೂ ಬಾರಿಗೆ ಸುತ್ತಿದ ಸೇಫ್ಟಿ ವೈರ್ ಇರಲಿ. ಬಿದ್ದ ಬಟ್ಟೆಯನ್ನು ಎರಡೂ ವಿಂಗಿನಿಂದ ಎಳೆದುಕೊಳ್ಳಲು ಇಬ್ಬರನ್ನು ಮೊದಲೇ ನಿಲ್ಲಿಸಿ. ಮುಂದಿನ ಪಾತ್ರ ಓಡಿ ಬರುವುದು ಅದೇ ಬಟ್ಟೆಯ ಮೇಲೆ, ಸ್ಯಾಟಿನ್ ಮೇಲೆ ಕಾಲು ಜಾರುತ್ತದೆ.