ಮೂರು ದುಬಾರಿ ಲ್ಯಾಪ್‌ಟಾಪ್, ಒಂದು ಸ್ಮರಣ ಸಂಚಿಕೆ

ಹೋದ ಜುಲೈಯ ಒಂದು ಬೆಳಿಗ್ಗೆ ನನ್ನ ಹಳೆ ಲ್ಯಾಪ್‌ಟಾಪ್ ಆನ್ ಆಗಲೇ ಇಲ್ಲ. ಹಿಂದಿನ ರಾತ್ರಿ ಕಿಟಕಿ ಪಕ್ಕದ ಮೇಜಿನ ಮೇಲೆ ಮುಚ್ಚಿಟ್ಟು ಮಲಗಿದ್ದೆ. ರಿಪೇರಿಯವರು ಬಿಚ್ಚಿ ತೋರಿಸಿದರು. ಬೋರ್ಡಿನ ಒಂದು ಮೂಲೆಯಲ್ಲಿ ಹಸಿರು ಕಿಲುಬು, ಉಗುರಿನಷ್ಟು ಅಗಲ. "ಕಡಲ ಬದಿ ಮನೆ ಅಲ್ವಾ ಅಕ್ಕ, ಉಪ್ಪುಗಾಳಿ" ಎಂದರು. ಮಲ್ಪೆಗೆ ನಮ್ಮ ಮನೆಯಿಂದ ಎರಡು ಕಿಲೋಮೀಟರ್ ಕೂಡ ಇಲ್ಲ.

ನಾನು ಪುಸ್ತಕ ವಿನ್ಯಾಸ ಮಾಡುವವಳು. ಕಾದಂಬರಿ, ಕವನ ಸಂಕಲನ, ಶಾಲೆಯ ಶತಮಾನೋತ್ಸವದ ಸಂಚಿಕೆ, ಬ್ರಹ್ಮಕಲಶೋತ್ಸವದ ಆಮಂತ್ರಣ ಎಲ್ಲ ನನ್ನ ಮೇಜಿಗೆ ಬರುತ್ತವೆ. ದಿನಕ್ಕೆ ಏಳೆಂಟು ಗಂಟೆ ಕನ್ನಡ ಅಕ್ಷರಗಳ ಜೊತೆಗೇ ಇರುತ್ತೇನೆ. ಈ ಸಲ ಒಳ್ಳೆಯದನ್ನೇ ತಗೊಳ್ಳೋಣ, ಎರಡು ಲಕ್ಷ ಆದರೂ ಪರವಾಗಿಲ್ಲ, ಐದಾರು ವರ್ಷ ಬಾಳಿಕೆ ಬರಲಿ ಎಂದು ನಿರ್ಧರಿಸಿದೆ. ಅಷ್ಟು ದುಡ್ಡು ಕೊಡುವ ಮೊದಲು ನನ್ನ ಕೆಲಸವನ್ನೇ ಅದರಲ್ಲಿ ಮಾಡಿ ನೋಡಬೇಕು ಎಂಬ ಹಟ ಇತ್ತು. ಅಂಗಡಿಯಲ್ಲಿ ಹತ್ತು ನಿಮಿಷ ಒತ್ತಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಅದೃಷ್ಟಕ್ಕೆ ಮೂರು ಯಂತ್ರಗಳು ಕೈಗೆ ಸಿಕ್ಕಿದವು. ಬೆಂಗಳೂರಿನಿಂದ ಊರಿಗೆ ಬಂದಿದ್ದ ಅಣ್ಣನ ಮಗ ತನ್ನ 14 ಇಂಚಿನ ಮ್ಯಾಕ್‌ಬುಕ್ ಪ್ರೊ ಬಿಟ್ಟುಹೋದ. ಎಂ4 ಪ್ರೊ ಚಿಪ್, 24 ಜಿಬಿ ಮೆಮೊರಿ. ಗೆಳತಿಯೊಬ್ಬಳು ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಕೊಟ್ಟಳು, 12ನೇ ಪೀಳಿಗೆಯದು, 32 ಜಿಬಿ. ಮೂರನೆಯದು ಏಸುಸ್ ಪ್ರೊಆರ್ಟ್ ಪಿ16. ನಾನು ಆಲ್ಬಮ್ ಮಾಡಿಕೊಡುವ ಮದುವೆ ಫೋಟೊಗ್ರಾಫರರದ್ದು. ಆಟಿ ತಿಂಗಳಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಅವರಿಗೆ ಕೆಲಸ ಕಡಿಮೆ. "ಎರಡು ವಾರ ಇಟ್ಟುಕೊಳ್ಳಿ ಅಕ್ಕ" ಎಂದರು.

ಮೂರರಲ್ಲೂ ಒಂದೇ ಕೆಲಸ ಮಾಡಿದೆ. ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ. 208 ಪುಟ, ಅಂದರೆ 16 ಪುಟದ 13 ಫಾರ್ಮು, ಅದರಲ್ಲಿ ಎರಡು ಫಾರ್ಮು ಬಣ್ಣದ ಚಿತ್ರಗಳು.

ವೇಗದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ 208 ಪುಟ ತೆರೆಯಲು, ತಿರುವಿಹಾಕಲು, ಪಿಡಿಎಫ್ ಮಾಡಲು ಮೂರೂ ಸಾಕು. ಪ್ರೊಆರ್ಟ್‌ನಲ್ಲಿರುವ ಎನ್‌ವಿಡಿಯಾ ಗ್ರಾಫಿಕ್ಸ್ ವಿಡಿಯೊ ಮಾಡುವವರಿಗೆ, ನೂರಾರು ಫೋಟೊ ಒಟ್ಟಿಗೆ ತಿದ್ದುವವರಿಗೆ ವರ. ಪುಸ್ತಕದ ಪುಟ ಕಟ್ಟುವ ನನಗೆ ಅದು ಬಹುತೇಕ ಸುಮ್ನೆ ಕೂತಿತ್ತು.

ನಿಜವಾದ ವ್ಯತ್ಯಾಸ ಗೊತ್ತಾದದ್ದು ಕೀಲಿಮಣೆಯಲ್ಲಿ. ನಾನು ಟೈಪ್ ಮಾಡುವುದು ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದಲ್ಲಿರುವುದೂ ಅದನ್ನೇ ಆಧರಿಸಿದ ಕೀಲಿಮಣೆ. ಇದರಲ್ಲಿ ಒತ್ತಕ್ಷರ ಬೇಕಾದಾಗೆಲ್ಲ ಎಫ್ ಒತ್ತಬೇಕು. 'ಸ್ತ್ರೀ' ಎಂದು ಬರೆಯಲು ಎಸ್, ಎಫ್, ಟಿ, ಎಫ್, ಆರ್, ಆಮೇಲೆ ದೊಡ್ಡ ಐ. ಒಂದು ಪುಟ ಕನ್ನಡ ಟೈಪ್ ಮಾಡಿ ನೋಡಿ, ಎಡಗೈಯ ತೋರುಬೆರಳು ಎಫ್ ಮೇಲೆ ಎಷ್ಟು ಸಲ ಬೀಳುತ್ತದೆ ಅಂತ. ಥಿಂಕ್‌ಪ್ಯಾಡಿನಲ್ಲಿ ಕೀಲಿ ಒಂದೂವರೆ ಮಿಲಿಮೀಟರ್ ಕೆಳಗೆ ಹೋಗುತ್ತದೆ, ತಳದಲ್ಲಿ ಮೆತ್ತಗೆ ನಿಲ್ಲುತ್ತದೆ. ಕೀಲಿಗಳ ನಡು ಸ್ವಲ್ಪ ತಗ್ಗಾಗಿರುವುದರಿಂದ ಬೆರಳು ಅಲ್ಲೇ ಕೂರುತ್ತದೆ. ಸಂಜೆ ಎದ್ದಾಗ ಬೆರಳಿನ ಗಂಟಲ್ಲಿ ನೋವಿರಲಿಲ್ಲ. ಮ್ಯಾಕಿನ ಕೀಲಿ ಚುರುಕು, ಸದ್ದು ಕಡಿಮೆ, ಆದರೆ ಚಪ್ಪಟೆ. ನಾಲ್ಕನೇ ಗಂಟೆಗೆ ನನ್ನ ತೋರುಬೆರಳಿಗೆ ಅದು ಗೊತ್ತಾಗುತ್ತಿತ್ತು. ಇಂಗ್ಲಿಷ್ ಟೈಪ್ ಮಾಡುವವರಿಗೆ ಹಾಗೆ ಅನಿಸಲಿಕ್ಕಿಲ್ಲ. ಪ್ರೊಆರ್ಟ್ ಇವೆರಡರ ನಡುವೆ. ಅದರ ಟಚ್‌ಪ್ಯಾಡಿನ ಮೂಲೆಯಲ್ಲಿ ಬೆರಳನ್ನು ಸುತ್ತ ಜಾರಿಸಿ ಬಳಸುವ ಗುಂಡಗಿನ ಡಯಲ್ ಇದೆ. ಫೋಟೊದ ಬೆಳಕು ಹೆಚ್ಚುಕಡಿಮೆ ಮಾಡಲು ಚೆಂದ.

ಪರದೆ. ಇಲ್ಲಿ ನನಗೆ ಮೂರೂ ಇಷ್ಟವಾದವು. ಕನ್ನಡ ಅಕ್ಷರಕ್ಕೆ ಇಂಗ್ಲಿಷಿಗಿಂತ ಜಾಸ್ತಿ ಚುಕ್ಕಿ (ಪಿಕ್ಸೆಲ್) ಬೇಕು. ಸಾಲಿನ ಕೆಳಗೆ ಒತ್ತು, ಮೇಲೆ ಗುಡಿಸು, ಹೊಟ್ಟೆಯಲ್ಲಿ ಮಹಾಪ್ರಾಣದ ಸೀಳು. ಹಳೆ ಲ್ಯಾಪ್‌ಟಾಪಿನ ಪರದೆಯಲ್ಲಿ 10 ಪಾಯಿಂಟಿನ 'ದ' ಮತ್ತು 'ಧ' ಒಂದೇ ಥರ ಕಾಣುತ್ತಿದ್ದವು. ಪುಟವನ್ನು ದೊಡ್ಡ ಮಾಡಿ, ಪುನಃ ಸಣ್ಣ ಮಾಡಿ, ಪ್ರೂಫ್ ನೋಡುವುದೇ ಒಂದು ಕಷ್ಟದ ಕೆಲಸವಾಗಿತ್ತು. ಮ್ಯಾಕಿನದ್ದು ಅಡ್ಡಕ್ಕೆ 3024 ಚುಕ್ಕಿ, ಉದ್ದಕ್ಕೆ 1964. ಗೆಳತಿಯ ಥಿಂಕ್‌ಪ್ಯಾಡಿನ ಓಎಲ್‌ಇಡಿ (ಪ್ರತಿ ಚುಕ್ಕಿಯೂ ತಾನೇ ಬೆಳಗುವ ಪರದೆ) ಅಡ್ಡಕ್ಕೆ 2880, ಉದ್ದಕ್ಕೆ 1800. ಎರಡರಲ್ಲೂ ಪುಟ ಇದ್ದ ಅಳತೆಯಲ್ಲೇ ಸೀಳು ಸ್ಪಷ್ಟ ಕಾಣುತ್ತದೆ. ಪ್ರೊಆರ್ಟ್ 16 ಇಂಚಿನ 4ಕೆ ಪರದೆ. ಎದುರುಬದುರು ಎರಡು ಪುಟ ಪಕ್ಕಪಕ್ಕ ಇಟ್ಟು ಓದಲು ಅದರಷ್ಟು ಹಿತ ಬೇರೆ ಇಲ್ಲ. ಫೋಟೊದ ಬಣ್ಣಕ್ಕೆ ಮ್ಯಾಕ್ ನನಗೆ ಹೆಚ್ಚು ನಂಬಿಕೆ ಕೊಟ್ಟಿತು. ಆದರೆ ಯಾವ ಪರದೆಯಲ್ಲಿ ನೋಡಿದರೂ ಮಂಗಳೂರಿನ ಪ್ರೆಸ್ಸಿಗೆ ಹೋಗಿ ಕಾಗದದ ಮೇಲಿನ ಬಣ್ಣ ನೋಡದೆ ನಾನು ಒಪ್ಪುವುದಿಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಟ ಊರು ಅದು. ಅಲ್ಲಿನ ಹಳೆ ಮಷಿನ್‌ಮ್ಯಾನ್‌ಗಳ ಕಣ್ಣಿನ ಮೇಲೆ ನನಗೆ ಯಾವ ಪರದೆಗಿಂತಲೂ ಹೆಚ್ಚು ಭರವಸೆ.

ಇನ್ನು ನುಡಿ ಫೈಲುಗಳ ವಿಷಯ. ಕನ್ನಡ ಡಿಟಿಪಿಯವರಿಗೆ ಇದು ಎಲ್ಲಕ್ಕಿಂತ ದೊಡ್ಡದು. ಲ್ಯಾಪ್‌ಟಾಪ್ ಬಗ್ಗೆ ಬರೆಯುವವರು ಇದನ್ನು ಯಾಕೆ ಹೇಳುವುದಿಲ್ಲವೋ! ಸಂಚಿಕೆಗೆ ಬಂದ ಲೇಖನಗಳಲ್ಲಿ ಅರ್ಧಕ್ಕರ್ಧ ಹಳೆ ನುಡಿ ಫಾಂಟಿನವು, ಎಲ್ಲ ಯಂತ್ರದಲ್ಲೂ ಓದಲು ಬರುವ ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ 'ಕನ್ನಡ' ಎಂಬ ಪದ ಒಂದು ಪಿ, ತಲೆ ಮೇಲೆ ಗೆರೆ ಹೊತ್ತ ಎ, ಪೌಂಡಿನ ಗುರುತು ಹೀಗೆ ಕಾಣುತ್ತದೆ. ಫಾಂಟನ್ನು ಮ್ಯಾಕಿಗೂ ಹಾಕಬಹುದು, ಓದಲು ಬರುತ್ತದೆ. ಆದರೆ ನುಡಿ ತಂತ್ರಾಂಶ ಇರುವುದು ವಿಂಡೋಸಿಗೆ. ಫೈಲನ್ನು ತಿದ್ದಬೇಕು, ಯೂನಿಕೋಡಿಗೆ ಬದಲಿಸಬೇಕು ಎಂದರೆ ಸುತ್ತುದಾರಿ. ಬದಲಿಸುವ ತಾಣಗಳಿವೆ, ಒಳ್ಳೆಯ ಕೆಲಸ ಮಾಡುತ್ತವೆ. ಆದರೆ ಕನ್ನಡದ ಮಧ್ಯೆ ಒಂದು ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಮಾಡಿಬಿಡುತ್ತವೆ. ಹಳೆ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡ ಕೂರಿಸಿದ್ದು, ಬರೀ ಆ ಸಂಕೇತ ನೋಡಿದರೆ ಯಾವುದು ಇಂಗ್ಲಿಷ್, ಯಾವುದು ನುಡಿ ಎಂದು ಗೊತ್ತಾಗುವುದಿಲ್ಲ ಅಲ್ವಾ? ಹಾಗಾಗಿ ಮೂಲ ಫೈಲು ಪಕ್ಕದಲ್ಲಿ ತೆರೆದಿರಲೇಬೇಕು. ಹತ್ತು ವರ್ಷದ ಹಿಂದಿನ ಸಂಚಿಕೆಯನ್ನು ಹಳೆ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್‌ನ ಫೈಲಿನಲ್ಲಿ ತಂದು "ಇದರ ಹಾಗೇ ಮಾಡಿ ಮಾರಾಯ್ರೆ" ಎನ್ನುವವರೂ ಇದ್ದಾರೆ. ಮ್ಯಾಕಿನೊಳಗೆ ವಿಂಡೋಸ್ ಓಡಿಸುವ ಉಪಾಯ ಇದೆ, ಅದಕ್ಕೆ ಬೇರೆ ಖರ್ಚು. ದಿನಾ ಮಾಡುವ ಕೆಲಸಕ್ಕೆ ನನಗೆ ಅದು ಸರಿಬರಲಿಲ್ಲ.

ಬ್ಯಾಟರಿಯಲ್ಲಿ ಮ್ಯಾಕಿಗೆ ಸಾಟಿ ಇಲ್ಲ. ಒಂದು ದಿನ ಗಾಳಿಮಳೆಗೆ ಮರ ಬಿದ್ದು ಬೆಳಿಗ್ಗೆ ಒಂಬತ್ತಕ್ಕೆ ಕರೆಂಟ್ ಹೋಯಿತು. ರಾತ್ರಿ ಎಂಟಕ್ಕೆ ಬಂತು. ಅಷ್ಟು ಹೊತ್ತೂ ನಾನು ಪುಟ ಕಟ್ಟುತ್ತಲೇ ಇದ್ದೆ, ಫ್ಯಾನ್ ಸದ್ದು ಕೂಡ ಇಲ್ಲ. ಥಿಂಕ್‌ಪ್ಯಾಡ್ ನನ್ನ ಕೈಯಲ್ಲಿ ಆರು ಗಂಟೆ ಬಂತು. ಅದರ ಬ್ಯಾಟರಿ 57 ವ್ಯಾಟ್‌ಅವರ್, ಮ್ಯಾಕಿನದ್ದು 72. ಪ್ರೊಆರ್ಟ್‌ನದ್ದು 90 ಇದ್ದರೂ ದೊಡ್ಡ ಪರದೆ, ಗ್ರಾಫಿಕ್ಸ್ ಎರಡಕ್ಕೂ ಉಣ್ಣಿಸಬೇಕಲ್ಲ, ನಾಲ್ಕು ಗಂಟೆ. ಅದರ ಚಾರ್ಜರೂ ದೊಡ್ಡದು. ಮೊದಲ ಎರಡಕ್ಕೆ ಒಂದೇ ಸಣ್ಣ ಟೈಪ್-ಸಿ ಚಾರ್ಜರ್ ಸಾಕು, ಮನೆಯ ಇನ್ವರ್ಟರಿಗೂ ಭಾರವಲ್ಲ.

ಚಾರ್ಜಿಂಗ್ ಬಗ್ಗೆ ಒಂದು ಮಾತು. ಲೋಹದ ಮೈಯ ಯಾವ ಲ್ಯಾಪ್‌ಟಾಪನ್ನಾದರೂ ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಪ್ಲಗ್ಗಿಗೆ ಹಾಕಿ, ಮಳೆಗಾಲದಲ್ಲಿ ಕಾವಿ ನೆಲದ ಮೇಲೆ ಬರಿಗಾಲಲ್ಲಿ ಕೂತು ಮುಟ್ಟಿದರೆ ಅಂಗೈಯಲ್ಲಿ ಜುಮುಜುಮು ಅನ್ನುತ್ತದೆ. ಅಡಾಪ್ಟರಿನಿಂದ ಸೋರುವ ಅತಿ ಸಣ್ಣ ಕರೆಂಟ್ ಅದು. ಮೂರು ಪಿನ್ನಿನ ವಯರ್, ಸರಿಯಾದ ಅರ್ಥಿಂಗ್ ಇದ್ದರೆ ಹೋಗುತ್ತದೆ. ಲ್ಯಾಪ್‌ಟಾಪಿಗೆ ಎರಡು ಲಕ್ಷ ಕೊಡುವವರು ಮೊದಲು ಎಲೆಕ್ಟ್ರಿಷಿಯನ್ ಕರೆದು ಮನೆಯ ಅರ್ಥಿಂಗ್ ನೋಡಿಸಿ. ಮೇ ತಿಂಗಳ, ಅಕ್ಟೋಬರಿನ ಸಿಡಿಲಿಗಂತೂ ಪ್ಲಗ್ ಕಿತ್ತಿಡುವುದೇ ಸರಿ.

ಭಾರದ ಲೆಕ್ಕ ಬಸ್ಸಿನಲ್ಲಿ ಆಯಿತು. ತಿಂಗಳಿಗೆ ಮೂರು ನಾಲ್ಕು ಸಲ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುತ್ತೇನೆ, ಪಡುಬಿದ್ರಿಯವರೆಗೆ ಸೀಟು ಸಿಗದ ದಿನಗಳೂ ಇವೆ. ಎಕ್ಸ್1 ಕಾರ್ಬನ್ 1.09 ಕಿಲೊದಿಂದ ಶುರು. ಮ್ಯಾಕ್ 1.6, ಪ್ರೊಆರ್ಟ್ 1.85, ಚಾರ್ಜರ್ ಬೇರೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪ್ರೂಫಿನ ಕಟ್ಟು, ಹೆಗಲಲ್ಲಿ ಬ್ಯಾಗ್. ಅರ್ಧ ಕಿಲೊ ಕಡಿಮೆಯಾದರೆ ಹೆಗಲಿಗೆ ಗೊತ್ತಾಗುತ್ತದೆ.

ದುಡ್ಡು. ಮ್ಯಾಕಿನ ಈ ಮಾದರಿ ಬಂದಾಗ ಬೆಲೆ 1,99,900 ರೂಪಾಯಿ ಇತ್ತು. ಜಿಎಸ್‌ಟಿ ನಂಬರ್ ಇದ್ದವರು ಅಂಗಡಿಯಲ್ಲಿ ಬಿಲ್ ಮಾಡುವಾಗಲೇ ಕೊಡಿ. ಲ್ಯಾಪ್‌ಟಾಪಿಗೆ 18 ಶೇಕಡಾ ತೆರಿಗೆ, ಎರಡು ಲಕ್ಷದ ಬಿಲ್ಲಿನಲ್ಲಿ 30 ಸಾವಿರಕ್ಕೂ ಜಾಸ್ತಿ ಅದೇ. ಕೆಲಸಕ್ಕೆ ತಗೊಂಡದ್ದಾದರೆ ಅದನ್ನು ನಿಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಇನ್ನೊಂದು, ಮೂರರಲ್ಲೂ ಮೆಮೊರಿಯನ್ನು ಬೋರ್ಡಿಗೇ ಬೆಸೆದಿದ್ದಾರೆ. ಆಮೇಲೆ ಹಾಕಿಸೋಣ ಎಂಬುದು ಆಗುವುದಿಲ್ಲ, ತಗೊಳ್ಳುವಾಗಲೇ ಬೇಕಾದಷ್ಟು ತಗೊಳ್ಳಿ. ಫೈಲುಗಳನ್ನು ಇಡುವ ಎಸ್‌ಎಸ್‌ಡಿ ಮಾತ್ರ ಥಿಂಕ್‌ಪ್ಯಾಡಿನಲ್ಲಿ, ಪ್ರೊಆರ್ಟ್‌ನಲ್ಲಿ ಬದಲಿಸಬಹುದು.

ನಾನು ತಗೊಂಡದ್ದು ಥಿಂಕ್‌ಪ್ಯಾಡ್, 32 ಜಿಬಿಯದ್ದೇ. ಮ್ಯಾಕನ್ನು ವಾಪಸ್ ಕೊಡುವಾಗ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ನುಡಿ ಫೈಲುಗಳ ಗೊಡವೆ ಇಲ್ಲದವರು, ಫೋಟೊ ಮತ್ತು ಯೂನಿಕೋಡ್ ಪಠ್ಯವಷ್ಟೇ ಇರುವವರು ಅದನ್ನೇ ತಗೊಳ್ಳಿ, ಕಣ್ಣು ಮುಚ್ಚಿ. ಫೋಟೊಗ್ರಾಫರರಿಗೆ ಪ್ರೊಆರ್ಟ್ ಯಾಕೆ ಬೇಕು ಎಂಬುದೂ ನನಗೆ ಈಗ ಅರ್ಥವಾಗಿದೆ. ಅದಕ್ಕೂ ಮ್ಯಾಕಿಗೂ ಎಸ್‌ಡಿ ಕಾರ್ಡಿನ ಜಾಗ ಇದೆ, ನನ್ನದಕ್ಕೆ ಇಲ್ಲ. ಕಾರ್ಡ್ ರೀಡರನ್ನು ಬೇರೆ ಒಯ್ಯಬೇಕು.

ಈಗ ಹತ್ತು ತಿಂಗಳಾಯಿತು. ಲ್ಯಾಪ್‌ಟಾಪಿಗೆ ಕಿಟಕಿಯಿಂದ ದೂರ ಜಾಗ ಮಾಡಿದ್ದೇನೆ. ಯಾವುದೇ ಲ್ಯಾಪ್‌ಟಾಪಿನ ಕಿರುಪುಸ್ತಕದಲ್ಲಿ ಎಷ್ಟು ಬಿಸಿ, ಎಷ್ಟು ತೇವ ತಡೆಯುತ್ತದೆ ಎಂದು ನೋಡಿ. ಮ್ಯಾಕಿಗೆ ಆಪಲ್ ಹೇಳುವ ಮಿತಿ 35 ಡಿಗ್ರಿ ಬಿಸಿ, 90 ಶೇಕಡಾ ತೇವಾಂಶ. ನಮ್ಮ ಜುಲೈ ಅದರ ಹತ್ತಿರ ಹತ್ತಿರವೇ ಇರುತ್ತದೆ. ರಾತ್ರಿ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಡುತ್ತೇನೆ, ಫೋಟೊಗ್ರಾಫರರು ಲೆನ್ಸ್ ಇಡುವ ಹಾಗೆ. ಬಿಸಿಯಾಗಿದ್ದರೆ ಅರ್ಧ ಗಂಟೆ ಆರಲು ಬಿಟ್ಟು ಆಮೇಲೆ ಡಬ್ಬಕ್ಕೆ. ತೇವ ಹೀರಿ ನೀಲಿಯಿಂದ ಬಣ್ಣ ಬದಲಿಸಿದ ಜೆಲ್ ಕಾಳುಗಳನ್ನು ತೆಗೆದು ಕಾಯಿಸಿ ಪುನಃ ಹಾಕುತ್ತೇನೆ. ಓಎಲ್‌ಇಡಿಯಲ್ಲಿ ಒಂದೇ ಚಿತ್ರ ತುಂಬಾ ಹೊತ್ತು ನಿಂತರೆ ಗುರುತು ಉಳಿಯಬಹುದು, ಅದಕ್ಕೆ ಊಟಕ್ಕೆ ಏಳುವಾಗ ಪರದೆ ಆರಿಸಿಯೇ ಏಳುವುದು.

ಸ್ಮರಣ ಸಂಚಿಕೆಯ ಕೊನೆಯ ಪ್ರೂಫನ್ನು ಈ ಪರದೆಯಲ್ಲೇ ನೋಡಿದೆ. 196ನೇ ಪುಟದ ದಾನಿಗಳ ಪಟ್ಟಿಯ ಮೇಲೆ 'ದನಸಹಾಯ ನೀಡಿದವರು' ಎಂದಿತ್ತು. ಮೂರು ಜನ ಓದಿ ಸಹಿ ಹಾಕಿದ್ದ ಪುಟ ಅದು. ದೊಡ್ಡದು ಮಾಡದೆಯೇ ಕಣ್ಣಿಗೆ ಬಿತ್ತು. 'ದ' ಅಳಿಸಿ 'ಧ' ಹಾಕಿದೆ, ಹೊಟ್ಟೆಯ ಸೀಳು ಚೆನ್ನಾಗಿ ಕಾಣುತ್ತಿತ್ತು. ಪ್ರೆಸ್ಸಿಗೆ ಕಳಿಸಿದೆ.