ಪೋಸ್ಟ್‌ಗ್ರೆಸ್‌ಕ್ಯೂಎಲ್: ಆರು ಕಾಫಿ ಕೊಯ್ಲು ಕಂಡ ಮೇಲೆ

ಗೋಣಿಕೊಪ್ಪ, ಸಿದ್ದಾಪುರ, ಸುಂಟಿಕೊಪ್ಪ, ಹೀಗೆ ಮೂರು ಕಡೆ ನಮ್ಮ ಕಾಫಿ ಖರೀದಿ ಇದೆ. ಆರು ವರ್ಷದಿಂದ ಲೆಕ್ಕವೆಲ್ಲ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ. ಸರ್ವರ್ ಗೋಣಿಕೊಪ್ಪದಲ್ಲಿದೆ, ಉಳಿದವರು ನೆಟ್ ಮೂಲಕ ನೋಡುತ್ತಾರೆ. ತೂಗಿದ ಒಂದೊಂದು ಮೂಟೆಗೂ ಒಂದು ಸಾಲು. ಈಗ ಎರಡೂವರೆ ಲಕ್ಷ ಸಾಲು ದಾಟಿದೆ. ತಂತ್ರಾಂಶಕ್ಕೆ ದುಡ್ಡು ಕೊಡಬೇಕಾಗಿಲ್ಲ, ಇವತ್ತಿನವರೆಗೆ ಒಂದು ಚೀಟಿಯೂ ಕಳೆದುಹೋಗಿಲ್ಲ.

ಆದರೆ ಮೂರನೇ ಕೊಯ್ಲಿನ ಹೊತ್ತಿಗೆ ವಿಪರೀತ ನಿಧಾನವಾಯಿತು. ಜನವರಿ, ರೋಬಸ್ಟಾ ಬರುವ ಕಾಲ. ಸಂಜೆ ಹೊರಗೆ ಪಿಕಪ್‌ಗಳ ಸಾಲು. ಸಿದ್ದಾಪುರದ ಕೌಂಟರಿನಲ್ಲಿ ವಯಸ್ಸಾದ ಬೆಳೆಗಾರರೊಬ್ಬರು, "ಮೊನ್ನೆ ತಂದಿದ್ದು ಎಷ್ಟು ಮೂಟೆ ಆಯ್ತು, ನೋಡಿ ಹೇಳಪ್ಪ" ಅಂದರು. ಸ್ಕ್ರೀನ್ ಸುತ್ತುತ್ತಲೇ ಇತ್ತು. ಅವರಿಗೆ ಬೇಕಿದ್ದದ್ದು ಹತ್ತು ಹನ್ನೆರಡು ಸಾಲು. ನಮ್ಮ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಮಾತ್ರ ಮೊದಲ ವರ್ಷದಿಂದ ಇದ್ದದ್ದೆಲ್ಲ ತರಿಸುತ್ತಿತ್ತು, ಅದೂ ಎಲ್ಲ ಕಾಲಂ ಸಮೇತ. ತಪ್ಪು ಪೋಸ್ಟ್‌ಗ್ರೆಸ್‌ದಲ್ಲ, ಕೇಳಿದವರು ನಾವೇ.

ಒಂದು ಸಲಕ್ಕೆ 50 ಸಾಲು ಮಾತ್ರ ಕೊಡು ಎನ್ನುವ ಲಿಮಿಟ್ 50 ಅಂತ ಕ್ವೆರಿಗೆ ಸೇರಿಸಿದೆ. ಪುಟ ತಕ್ಷಣ ಬಂತು. ಎರಡು ವಾರಕ್ಕೆ ಅದೇ ಹಿರಿಯರು ಬಂದು, "ಒಂದು ಮೂಟೆ ಕಡಿಮೆ ತೋರಿಸ್ತಿದೆಯಲ್ಲಪ್ಪ" ಅಂದಾಗ ನನಗೆ ಎದೆ ಧಸಕ್ಕೆಂದಿತು. ಮೂಟೆ ಗೋದಾಮಿನಲ್ಲಿತ್ತು, ಡೇಟಾಬೇಸಿನ ಟೇಬಲ್‌ನಲ್ಲೂ ಇತ್ತು. ಸಾಲುಗಳು ಯಾವ ಕ್ರಮದಲ್ಲಿ ಬೇಕು ಎಂದು ಹೇಳುವ ಆರ್ಡರ್ ಬೈ ಇಲ್ಲದೆ ಲಿಮಿಟ್ ಹಾಕಿದ್ದರಿಂದ ಒಂದು ಮೂಟೆ ಎರಡು ಪುಟದಲ್ಲೂ ಬಂದು, ಇನ್ನೊಂದು ಎಲ್ಲೂ ಬಂದಿರಲಿಲ್ಲ. ಕ್ರಮ ಹೇಳದಿದ್ದರೆ ಯಾವ ಸಾಲು ಬರುತ್ತದೋ ಖಾತ್ರಿಯಿಲ್ಲ ಅಂತ ಪೋಸ್ಟ್‌ಗ್ರೆಸ್ ಕೈಪಿಡಿಯಲ್ಲೇ ಸ್ಪಷ್ಟವಾಗಿದೆ. ಓದದೆ ಬಿಟ್ಟಿದ್ದೆ. ತೂಕದ ವಿಷಯದಲ್ಲಿ ನಂಬಿಕೆ ಹೋದರೆ ಮತ್ತೆ ಬರುವುದು ಕಷ್ಟ ಅಲ್ವಾ?

ಈಗ ದಿನಾಂಕ, ಮೂಟೆ ನಂಬರ್ ಎರಡರ ಮೇಲೂ ಆರ್ಡರ್ ಬೈ ಇದೆ. ಅದೇ ಕ್ರಮದಲ್ಲಿ ಇಂಡೆಕ್ಸ್ (ಸಾಲು ಬೇಗ ಹುಡುಕಿಕೊಡುವ ಸೂಚಿ) ಕೂಡ ಇದೆ. ಇಂಡೆಕ್ಸ್ ಇಲ್ಲದಿದ್ದರೆ 50 ಸಾಲು ಕೊಡುವುದಕ್ಕೂ ಅದು ಇಡೀ ಟೇಬಲ್ ಓದಲೇಬೇಕು. ಕ್ವೆರಿ ಹೇಗೆ ಓಡಿತು, ಎಷ್ಟು ಹೊತ್ತು ಹಿಡಿಯಿತು ಎಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್ ಹಾಕಿ ನೋಡಿ, ಕಣ್ಣಿಗೇ ಕಾಣುತ್ತದೆ. ನಮ್ಮ ಹಳೇ ಯಂತ್ರದಲ್ಲಿ ಅರ್ಧ ಸೆಕೆಂಡ್ ಹಿಡಿಯುತ್ತಿದ್ದದ್ದು ಕೆಲವೇ ಮಿಲಿಸೆಕೆಂಡಿಗೆ ಇಳಿಯಿತು.

ಹಳೇ ಪುಟಗಳಿಗೆ ಆಫ್‌ಸೆಟ್ ಬೇಡ. ಒಂದು ಲಕ್ಷ ಸಾಲು ಬಿಟ್ಟು ಮುಂದಿನ 50 ಕೊಡು ಅಂದರೆ, ಆ ಒಂದು ಲಕ್ಷವನ್ನೂ ಓದಿ ಸುಮ್ನೆ ಎಸೆಯುತ್ತದೆ. ಕಂಡ ಕೊನೇ ಸಾಲಿನ ದಿನಾಂಕ, ನಂಬರ್ ಹಿಡಿದು ಅದಕ್ಕಿಂತ ಹಳೆಯ 50 ಕೇಳುತ್ತೇವೆ. ನೇರ ನೂರನೇ ಪುಟಕ್ಕೆ ಹಾರಲು ಆಗುವುದಿಲ್ಲ, ನಮಗೆ ಅದು ಬೇಕಾಗಿಯೂ ಇಲ್ಲ. ವರ್ಷದ ಒಟ್ಟು ತೂಕವನ್ನು ಸಮ್ ಹಾಕಿ ಸರ್ವರ್‌ನಲ್ಲೇ ಕೂಡಿಸುತ್ತೇವೆ. ಸಿದ್ದಾಪುರಕ್ಕೆ ಹೋಗುವುದು ಒಂದೇ ಸಾಲು. ಮಳೆಗಾಲದ ನೆಟ್‌ಗೆ ಅಷ್ಟು ಸಾಕು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಹಿಡಿದದ್ದು ಕೌಂಟ್‌ಗೆ. ಒಟ್ಟು ಎಷ್ಟು ಮೂಟೆ ಅಂತ ಕೇಳಿದಾಗಲೆಲ್ಲ ಮೊದಲಿಂದ ಎಣಿಸಲು ಕೂರುತ್ತದೆ.